ನಾಡಿನ ಕಲಾವಿದರು ಮತ್ತು ವಿಶ್ವವಿದ್ಯಾಲಯದ ಗೋಡೆಗಳು

ಕರ್ನಾಟಕದ ವಿಶ್ವವಿದ್ಯಾಲಯಗಳ ಸಿಂಡಿಕೇಟ್ ಸದಸ್ಯರಿಗೆ, ದೃಶ್ಯಕಲೆ ಮತ್ತು ಜಾನಪದ ವಿಭಾಗಗಳ ಅಧ್ಯಾಪಕರಿಗೆ:

ಕರ್ನಾಟಕದ ವಿಶ್ವವಿದ್ಯಾಲಯಗಳು ನಾಡಿನ ಕಲಾವಿದರಿಗೆ ಮಾಡಿಕೊಟ್ಟ ಜಾಗಗಳಲ್ಲಿ ಮೈಸೂರು ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯಕ್ಕೆ ಮೊದಲ ಮಣೆ ಸಲ್ಲಬೇಕು. ಅದರ ನೆಲೆ ಕುಕ್ಕರಹಳ್ಳಿ ಕೆರೆಯ ಪಡುವಣ ದಿಬ್ಬದ ಮೇಲಿರುವ ಜಯಲಕ್ಷ್ಮೀವಿಲಾಸ ಅರಮನೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1905ರಲ್ಲಿ, ಅವರ ಅಕ್ಕ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿದ ಮನೆ ಅದು. ಕುವೆಂಪು ಕುಲಪತಿಗಳಾಗಿದ್ದಾಗ ಸ್ನಾತಕೋತ್ತರ ಕೇಂದ್ರಕ್ಕೆಂದು ವಿಶ್ವವಿದ್ಯಾಲಯದ ಪಾಲಿಗೆ ಬಂತು. 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಹುಟ್ಟಿತು. ಅದಾದ ಎರಡೇ ವರ್ಷಕ್ಕೆ, ದೇ. ಜವರೇಗೌಡರ ಒತ್ತಾಸೆಯಿಂದ, ಹಳ್ಳಿಗಳಿಂದ ತಂದ ವಸ್ತುಗಳನ್ನು ಜೋಡಿಸಿಡುವ ಕೆಲಸ ಶುರುವಾಯಿತು. ರಾಜಮನೆತನದ ಮಗಳು ಬಾಳಿದ ಅಂಕಣಗಳಿಗೆ ಸೋಮನ ಮುಖಗಳು, ಗಾರುಡಿ ಗೊಂಬೆಗಳು, ಯಕ್ಷಗಾನದ ಕಿರೀಟಗಳು, ಭೂತದ ಮುಖವಾಡಗಳು, ತೊಗಲುಗೊಂಬೆಗಳು, ಕೊಳಗ, ಬಳ್ಳ, ನೇಗಿಲು, ಕೂರಿಗೆ ಬಂದು ಸೇರಿದವು. ಇಂದು ಅಲ್ಲಿರುವ ವಸ್ತುಗಳ ಸಂಖ್ಯೆ 6,500ನ್ನು ದಾಟುತ್ತದೆ.

ಈ ಸಂಗ್ರಹದ ಹಿಂದೆ ಇಬ್ಬರ ದುಡಿಮೆ ದೊಡ್ಡದು. ಒಬ್ಬರು ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯ. ಇನ್ನೊಬ್ಬರು ಚಿತ್ರ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ. ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯಲ್ಲಿ 1922ರಲ್ಲಿ ಹುಟ್ಟಿ 2000ದಲ್ಲಿ ತೀರಿಕೊಂಡ ತಿಪ್ಪೇಸ್ವಾಮಿಯವರು ಜಲವರ್ಣದ ನಿಸರ್ಗಚಿತ್ರಗಳಿಗೆ ಹೆಸರಾದವರು. ವಸ್ತುಸಂಗ್ರಹಾಲಯದ ಹೊಣೆ ಕುಂಚ ಹಿಡಿದವರ ಕೈಗೆ ಬಂದದ್ದು ಸಣ್ಣ ಸಂಗತಿಯಲ್ಲ. ಭಾಷಾ ವಿದ್ವಾಂಸರು ಗೊಂಬೆಯೊಂದನ್ನು ಕಥೆಯ ಸಾಕ್ಷಿಯಾಗಿ ನೋಡುತ್ತಾರೆ, ಇತಿಹಾಸಕಾರರು ಕಾಲದ ಸಾಕ್ಷಿಯಾಗಿ ನೋಡುತ್ತಾರೆ. ಚಿತ್ರಕಾರರ ಕಣ್ಣು ಮೊದಲು ಹೋಗುವುದು ರೇಖೆಯ ಓಟಕ್ಕೆ, ಬಣ್ಣ ಎಲ್ಲಿ ನಿಂತಿದೆ ಎಂಬುದಕ್ಕೆ, ಉಳಿ ಎಲ್ಲಿ ಜಾರಿದೆ ಎಂಬುದಕ್ಕೆ. ಮಾಡಿದವರೂ ತಮ್ಮಂತೆಯೇ ಒಬ್ಬ ಕಲಾವಿದ ಎಂಬ ಅರಿವು ಆ ನೋಟದಲ್ಲೇ ಇರುತ್ತದೆ. ಮಾನಸಗಂಗೋತ್ರಿಯ ಸಂಗ್ರಹಕ್ಕೆ ಇಷ್ಟು ತೂಕ ಬಂದಿರುವುದಕ್ಕೆ ಇದೂ ಒಂದು ಕಾರಣವೆಂದು ಧಾರಾಳವಾಗಿ ಹೇಳಬಹುದು.

ವಿಶ್ವವಿದ್ಯಾಲಯದೊಳಗೆ ಕಲಾಕೃತಿಗಳು ಬಂದದ್ದು ಎರಡು ಬಾಗಿಲುಗಳಿಂದ. ಮೊದಲನೆಯದು ಕನ್ನಡ ಮತ್ತು ಇತಿಹಾಸ ವಿಭಾಗಗಳದು. ಧಾರವಾಡದಲ್ಲಿ 1939ರಲ್ಲಿ ಸ್ಥಾಪನೆಯಾಗಿ, ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಅಂಗವಾದ ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯ ಈ ದಾರಿಯದು. ಶಾಸನ, ವೀರಗಲ್ಲು, ಶಿಲ್ಪ, ಹಸ್ತಪ್ರತಿಗಳೇ ಅಂಥ ಕಡೆ ಮುಖ್ಯ. ಅಲ್ಲಿರುವ ಶಿಲ್ಪಿ ಸತ್ತು ಎಂಟು ನೂರು ವರ್ಷವಾಗಿರುತ್ತದೆ, ಅವನಿಗೆ ಸಲ್ಲಬೇಕಾದ ಮರ್ಯಾದೆಯ ಬಗ್ಗೆ ಯಾರೂ ತಕರಾರು ತೆಗೆಯುವುದಿಲ್ಲ.

ಎರಡನೆಯ ಬಾಗಿಲು ಕಲಾಶಾಲೆಗಳದು, ಅದು ತೆರೆದದ್ದು ತಡವಾಗಿ. ಕರ್ನಾಟಕದ ಕಲಾಶಿಕ್ಷಣ ಬೆಳೆದದ್ದೆಲ್ಲ ವಿಶ್ವವಿದ್ಯಾಲಯದ ಕಾಂಪೌಂಡಿನ ಹೊರಗೆ. ಮೈಸೂರಿನಲ್ಲಿ ಅರಸರ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಇತ್ತು. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು 1935ರಲ್ಲಿ ಸ್ವಂತ ಶ್ರಮದಿಂದ ಶಾಲೆ ಕಟ್ಟಿದರು. ಗದಗಿನಲ್ಲಿ ಟಿ.ಪಿ. ಅಕ್ಕಿ, ಹುಬ್ಬಳ್ಳಿಯಲ್ಲಿ ಎಂ.ವಿ. ಮಿಣಜಗಿ, ಬೆಂಗಳೂರಿನ ಕೆನ್ ಶಾಲೆಯಲ್ಲಿ ಆರ್.ಎಂ. ಹಡಪದ ಇದೇ ಹಾದಿಯವರು. 1960ರಲ್ಲಿ ಚಿತ್ರಕಲಾ ಪರಿಷತ್ತು, 1964ರಲ್ಲಿ ದಾವಣಗೆರೆಯ ಸರ್ಕಾರಿ ಕಲಾಶಾಲೆ ಬಂದವು. ಪದವಿ ಬೇಕಾದಾಗ ಇವು ಒಂದೊಂದಾಗಿ ವಿಶ್ವವಿದ್ಯಾಲಯಗಳ ಮಾನ್ಯತೆಗೆ ಒಳಪಟ್ಟವು. ದಾವಣಗೆರೆಯ ಶಾಲೆ ಇಂದು ಅಲ್ಲಿನ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯ, ಮೈಸೂರಿನ ಸಂಸ್ಥೆಯ ಕಲಾ ಪರಂಪರೆ ಇಂದಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ (ಕಾವಾ) ಮುಂದುವರಿದಿದೆ. ಪಠ್ಯಕ್ರಮ ಬಂತು, ಅಂಕಪಟ್ಟಿ ಬಂತು. ಆ ಶಾಲೆಗಳನ್ನು ಕಟ್ಟಿದವರ ಕೃತಿಗಳು ಮಾತ್ರ ಬಹುಮಟ್ಟಿಗೆ ಟ್ರಸ್ಟುಗಳ ಕಪಾಟಿನಲ್ಲಿ, ಮಕ್ಕಳ ಮನೆಯ ಅಟ್ಟದಲ್ಲಿ ಉಳಿದವು. ಉತ್ತರ ಕರ್ನಾಟಕದಲ್ಲಿ ಕಲಾಶಿಕ್ಷಕರಾಗಿ ಊರೂರಲ್ಲಿ ಕೆಲಸ ಮಾಡಿದವರಲ್ಲಿ ಎಷ್ಟೋ ಮಂದಿ ಈ ಶಾಲೆಗಳಲ್ಲೇ ಗೆರೆ ಎಳೆಯಲು ಕಲಿತವರು. ಅವರ ಗುರುಗಳ ಒಂದು ಚಿತ್ರವನ್ನಾದರೂ ತನ್ನ ವಿಶ್ವವಿದ್ಯಾಲಯದಲ್ಲಿ ಕಣ್ಣಾರೆ ನೋಡುವ ಅವಕಾಶ ಇಂದಿನ ವಿದ್ಯಾರ್ಥಿಗೆ ಸಿಗಬೇಕು.

ಹಿರಿಯರ ಕೃತಿಗಳ ನೆಲೆಯನ್ನು ನೋಡಿದರೂ ಇದೇ ಚಿತ್ರ. ಕೆ. ವೆಂಕಟಪ್ಪನವರ ಉದಕಮಂಡಲ, ಕೊಡೈಕೆನಾಲ್ ದೃಶ್ಯಗಳನ್ನು ಕಾಣಲು ಬೆಂಗಳೂರಿನ ಸರ್ಕಾರಿ ಗ್ಯಾಲರಿಗೆ ಹೋಗಬೇಕು. ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ಕೃತಿಗಳಿಗೆ ಚಿತ್ರಕಲಾ ಪರಿಷತ್ತಿಗೆ ಹೋಗಬೇಕು. ಕಲಬುರಗಿಯ ಎಸ್.ಎಂ. ಪಂಡಿತರ ಹೆಸರು ಆ ಊರಿನ ರಂಗಮಂದಿರಕ್ಕಿದೆ. ಹೆಸರಿಡುವುದು ಒಳ್ಳೆಯದೇ. ಆದರೆ ಸಿನಿಮಾ ಪೋಸ್ಟರಿನಿಂದ ಪುರಾಣಚಿತ್ರದವರೆಗೆ ಆ ಕುಂಚ ತಿರುಗಿದ ಬಗೆ ಗೊತ್ತಾಗಬೇಕಾದರೆ ಎದುರಿಗೆ ಚಿತ್ರವೇ ಇರಬೇಕು.

ಈ ವಿಷಯದಲ್ಲಿ ಶಾಂತಿನಿಕೇತನದ ದಾರಿ ಬೇರೆ. 1919ರಲ್ಲಿ ಆರಂಭವಾದ ಕಲಾಭವನದಲ್ಲಿ ಕಲಿಸುವವರೇ ಆವರಣದ ಗೋಡೆಗಳನ್ನೂ ಬಯಲನ್ನೂ ತುಂಬಿದರು. ರಾಮಕಿಂಕರ ಬೈಜ್ 1938ರಲ್ಲಿ ಮಾಡಿದ ಸಂತಾಲ ಕುಟುಂಬದ ಶಿಲ್ಪ ಸಿಮೆಂಟು ಮತ್ತು ಅಲ್ಲಿಯದೇ ಮೊರಂ ಕಲ್ಲಿನ ಮಿಶ್ರಣದ್ದು. ಅದರಲ್ಲಿರುವವರು ಸುತ್ತಲ ಹಳ್ಳಿಗಳ ದುಡಿಯುವ ಜನ. ಬಿನೋದ್ ಬಿಹಾರಿ ಮುಖರ್ಜಿ 1946–47ರಲ್ಲಿ ಹಿಂದಿ ಭವನದ ಗೋಡೆಗಳ ಮೇಲೆ ಮಧ್ಯಯುಗದ ಸಂತರನ್ನು ಬರೆದರು. ತರಗತಿಗೆ ಹೋಗುವ ಹುಡುಗ ದಿನಾ ಅವುಗಳ ಮುಂದೆಯೇ ನಡೆಯುತ್ತಾನೆ, ಟಿಕೆಟ್ ಕೊಂಡು ಒಳಹೋಗುವ ಪ್ರಶ್ನೆಯೇ ಬರುವುದಿಲ್ಲ. ಕಲಾಭವನವನ್ನು ರೂಪಿಸಿದ ನಂದಲಾಲ ಬೋಸರೂ ಮೈಸೂರಿನ ವೆಂಕಟಪ್ಪನವರೂ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತವರು. ಒಬ್ಬ ಶಿಷ್ಯನ ಕೈಗೆ ವಿಶ್ವವಿದ್ಯಾಲಯವೇ ಸಿಕ್ಕಿತು. ಇನ್ನೊಬ್ಬರು ಬೆಂಗಳೂರಿನ ಮನೆಯಲ್ಲಿ ಒಂಟಿಯಾಗಿ ಕೆಲಸ ಮಾಡಿ 1965ರಲ್ಲಿ ಕಣ್ಣುಮುಚ್ಚಿದರು. ವೆಂಕಟಪ್ಪನವರ ಏಕಾಂತ ಅವರ ಸ್ವಭಾವಕ್ಕೂ ಸೇರಿದ್ದು, ನಿಜ. ಆದರೂ ಅವರ ಬಳಿ ಕಲಿಯುವ ಒಂದು ತಲೆಮಾರು ಕರ್ನಾಟಕಕ್ಕೆ ತಪ್ಪಿಹೋದದ್ದು ನಷ್ಟವೇ.

ಬರೋಡದ ಲಲಿತಕಲಾ ವಿಭಾಗದ್ದು ಇನ್ನೊಂದು ಪಾಠ. 1950ರಲ್ಲಿ ಶುರುವಾದ ಆ ವಿಭಾಗದಲ್ಲಿ ಕಲಿತ ಕನ್ನಡಿಗರ ಸಾಲು ಉದ್ದವಿದೆ. ಮೈಸೂರಿನ ಕಾವಾದಿಂದ ಅಲ್ಲಿಗೆ ಹೋದ ಎನ್.ಎಸ್. ಹರ್ಷ ಅವರಲ್ಲೊಬ್ಬರು. ವರ್ಷದ ಕೊನೆಯ ಪರೀಕ್ಷೆಯೆಂದರೆ ಅಲ್ಲಿ ಕೃತಿಗಳ ಪ್ರದರ್ಶನ. 2007ರ ಮೇ ತಿಂಗಳಲ್ಲಿ ವಿದ್ಯಾರ್ಥಿಯೊಬ್ಬನ ಪರೀಕ್ಷಾ ಕೃತಿಗಳಿಗೆ ಆಕ್ಷೇಪವೆತ್ತಿ ಹೊರಗಿನವರು ನುಗ್ಗಿದರು, ಪೊಲೀಸರು ವಿದ್ಯಾರ್ಥಿಯನ್ನೇ ಬಂಧಿಸಿದರು. ಆತನ ಬೆಂಬಲಕ್ಕೆ ಸಹಪಾಠಿಗಳು ಏರ್ಪಡಿಸಿದ ಪ್ರದರ್ಶನವನ್ನು ಮುಚ್ಚಿಸಲು ಒಪ್ಪದ ಡೀನ್ ಶಿವಾಜಿ ಪಣಿಕ್ಕರ್ ಅಮಾನತಾದರು. ಪರೀಕ್ಷೆಯ ಕೊಠಡಿಯಲ್ಲಿರುವ ಕೃತಿಗೆ ರಕ್ಷಣೆ ಕೊಡುವ ಮೊದಲ ಹೊಣೆ ವಿಶ್ವವಿದ್ಯಾಲಯದ್ದು. ಗ್ಯಾಲರಿ ಕಟ್ಟುವ ಮುನ್ನ ಈ ಹೊಣೆಯನ್ನು ನಿಯಮವಾಗಿ ಬರೆದಿಡುವುದು ಸಿಂಡಿಕೇಟಿನ ಕೆಲಸ.

ಕರ್ನಾಟಕದಲ್ಲಿ ವಿಶ್ವವಿದ್ಯಾಲಯಗಳು ನಡೆಸುವ ಪ್ರದರ್ಶನಗಳು ಹೆಚ್ಚಾಗಿ ವಿದ್ಯಾರ್ಥಿಗಳ ವಾರ್ಷಿಕ ಪ್ರದರ್ಶನಗಳು. ಅವುಗಳಿಗೆ ಜೀವವಿದೆ, ಹುರುಪಿದೆ, ಅವು ನಡೆಯುತ್ತಲೇ ಇರಲಿ. ಹಿರಿಯ ಕಲಾವಿದರ ನೆನಪಿನ ಪ್ರದರ್ಶನ ಸಾಮಾನ್ಯವಾಗಿ ಜನ್ಮಶತಮಾನೋತ್ಸವಕ್ಕೋ ವಿಚಾರ ಸಂಕಿರಣಕ್ಕೋ ಅಂಟಿಕೊಂಡು ಬರುತ್ತದೆ. ಮೂರು ದಿನಕ್ಕೆ ಕುಟುಂಬದವರಿಂದ ಚಿತ್ರ ತರಿಸಿ, ಈಸೆಲ್‌ಗಳ ಮೇಲಿಟ್ಟು, ಉದ್ಘಾಟನೆ ಮುಗಿಸಿ, ಫೋಟೊ ತೆಗೆಸಿಕೊಂಡು ವಾಪಸು ಕಳಿಸಲಾಗುತ್ತದೆ. ಹಾರ, ಶಾಲು, ಫಲಕಗಳ ಖರ್ಚಿಗೆ ಹಣ ಸಿಗುತ್ತದೆ, ಚಿತ್ರಗಳನ್ನು ಸರಿಯಾಗಿ ಫೋಟೊ ಹಿಡಿದು ವಿವರ ಅಚ್ಚು ಹಾಕಿಸಲು ಸಿಗುವುದಿಲ್ಲ. ಮುಂದೆ ಸಂಶೋಧನೆ ಮಾಡುವವರಿಗೆ ಉಳಿಯುವುದು ಆಹ್ವಾನ ಪತ್ರಿಕೆಯೊಂದೇ. ನೆನಪಿನ ಪ್ರದರ್ಶನವೊಂದರಿಂದ ಆಗಲೇಬೇಕಾದ ಕೆಲಸವೆಂದರೆ ಕೃತಿಸೂಚಿ: ಪ್ರತಿ ಚಿತ್ರದ ಅಳತೆ, ಮಾಧ್ಯಮ, ವರ್ಷ, ಸಹಿ ಇರುವ ಜಾಗ, ಈಗ ಯಾರ ಬಳಿ ಇದೆ, ಎಲ್ಲಿ ಹಾನಿಯಾಗಿದೆ. ಒಂದು ವಿಭಾಗ ವರ್ಷಕ್ಕೊಬ್ಬ ಕಲಾವಿದರ ಸೂಚಿಯನ್ನು ಹೊರತಂದರೂ ಹತ್ತು ವರ್ಷದಲ್ಲಿ ಆ ಪ್ರದೇಶದ ಕಲಾ ಇತಿಹಾಸಕ್ಕೆ ಬುನಾದಿ ಬಿದ್ದಿರುತ್ತದೆ.

ಶಾಶ್ವತ ಗ್ಯಾಲರಿಯ ಮಾತಿಗೆ ಬಂದರೆ ಮೊದಲು ನೋಡಬೇಕಾದ್ದು ಹೆಸರಿನ ಚೀಟಿಯನ್ನು. ತೊಗಲುಗೊಂಬೆಯೊಂದರ ಕೆಳಗೆ ಸಾಮಾನ್ಯವಾಗಿ ಇರುವ ಬರಹ ‘ತೊಗಲುಗೊಂಬೆ, ಬಳ್ಳಾರಿ ಜಿಲ್ಲೆ’ ಎಂಬಷ್ಟೇ. ಅದೇ ಗೊಂಬೆಯನ್ನು ಬೆಳಕಿಗೆ ಹಿಡಿದರೆ ಹೇಳಲು ಎಷ್ಟೊಂದಿದೆ. ಮೇಕೆಯ ಚರ್ಮವನ್ನು ಹದಮಾಡಿ, ಬೆಳಕು ಆಚೆ ಹಾಯುವಷ್ಟು ತೆಳುವಾಗಿ ಹೆರೆದು, ಗೆರೆ ಬರೆದು, ಉಳಿಯಿಂದ ರಂಧ್ರ ಕೊರೆದು, ಎರಡೂ ಬದಿಗೆ ಬಣ್ಣ ಹಚ್ಚಿರುತ್ತಾರೆ. ಆಭರಣದ ಹೊಳಪು ಬಣ್ಣದಿಂದ ಬರುವುದಲ್ಲ, ಆ ರಂಧ್ರಗಳಿಂದ ನುಸುಳುವ ದೀಪದ ಬೆಳಕಿನಿಂದ ಬರುವುದು. ಯಾವ ಕುಟುಂಬದ ಯಾರು ಕೊರೆದದ್ದು, ಯಾವ ಪ್ರಸಂಗದ ಯಾವ ಪಾತ್ರ, ಆಟದಲ್ಲಿ ಎಷ್ಟು ವರ್ಷ ಬಳಕೆಯಾಗಿ ಸಂಗ್ರಹಕ್ಕೆ ಬಂತು, ತಂದವರು ಯಾರು ಎಂಬ ವಿವರ ಚೀಟಿಯ ಮೇಲಿರಬೇಕು. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನಾಡು ಅವರ ಹೆಸರನ್ನು ಕೂಗಿ ಹೇಳಿತು. ಅವರಂಥ ನೂರಾರು ಜನರ ಹೆಸರು ಗಾಜಿನ ಕಪಾಟುಗಳ ಕೆಳಗೆ ಇಲ್ಲ. ಎಣ್ಣೆವರ್ಣದ ಚಿತ್ರಕ್ಕೆ ಕಲಾವಿದನ ಹೆಸರು, ಗೊಂಬೆಗೆ ಜಿಲ್ಲೆಯ ಹೆಸರು ಎಂಬ ಭೇದವನ್ನು ಒಂದು ವಿಶ್ವವಿದ್ಯಾಲಯ ಇಟ್ಟುಕೊಳ್ಳಬಾರದು. ಐವತ್ತು ವರ್ಷದ ಹಿಂದಿನ ವಸ್ತುಗಳಿಗೆ ಈಗ ಹೆಸರು ಹುಡುಕುವುದು ಕಷ್ಟವಾದರೂ ಅಸಾಧ್ಯವೇನಲ್ಲ. ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕ ಹಿಡಿದು ವಿದ್ಯಾರ್ಥಿಗಳು ಅದೇ ಊರುಗಳಿಗೆ ಹೋದರೆ ಗುರುತಿಸಬಲ್ಲ ಮಕ್ಕಳು, ಮೊಮ್ಮಕ್ಕಳು ಸಿಗುತ್ತಾರೆ. ಪಿಎಚ್.ಡಿಗೆ ಇದಕ್ಕಿಂತ ಒಳ್ಳೆಯ ವಿಷಯ ಅಪರೂಪ.

ಚೌಕಟ್ಟಿಗೆ ಸಿಗದ ಕಲೆಯೂ ಇದೆ. ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಬರೆಯುವ ಚಿತ್ತಾರಕ್ಕೆ ಕೆಮ್ಮಣ್ಣು ಬಳಿದ ಗೋಡೆಯೇ ನೆಲೆ. ಅಕ್ಕಿ ಅರೆದ ಬಿಳಿ, ಹುರಿದು ಕರಿಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಕೈಯಲ್ಲಿ ಪುಂಡಿನಾರಿನ ಕುಂಚ. ಮದುವೆಗೆ ಹಸೆಗೋಡೆಯ ಮೇಲೆ ಬರೆಯುತ್ತಾರೆ, ಭೂಮಿ ಹುಣ್ಣಿಮೆಗೆ ಹೊಲಕ್ಕೆ ಚರಗ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೆ ಬರೆಯುತ್ತಾರೆ. ಮುಂದಿನ ಸಲ ಹೊಸದಾಗಿ ಬರೆಯುವುದರಿಂದಲೇ ಆ ಕಲೆ ಉಳಿದಿದೆ. ಇದನ್ನು ಡ್ರಾಯಿಂಗ್ ಹಾಳೆಗೆ ಇಳಿಸಿ ಗಾಜು ಹಾಕಿಸಿ ತೂಗುಹಾಕಿದರೆ ಮಾದರಿಯೊಂದು ದಾಖಲಾಗುತ್ತದೆ, ಕಲೆ ಅಲ್ಲಿಗೆ ನಿಂತುಹೋಗುತ್ತದೆ. ವಿಶ್ವವಿದ್ಯಾಲಯ ಮಾಡಬಹುದಾದ್ದು ಬೇರೆಯೇ: ಆವರಣದ ಒಂದು ಗೋಡೆಯನ್ನು ಚಿತ್ತಾರಕ್ಕೆಂದೇ ಬಿಟ್ಟುಕೊಟ್ಟು, ಪ್ರತಿ ವರ್ಷ ಬರೆಯುವವರನ್ನು ಅತಿಥಿ ಅಧ್ಯಾಪಕರ ದರ್ಜೆಯಲ್ಲಿ ಕರೆಸಿ, ಅದೇ ಸಂಭಾವನೆ ಕೊಟ್ಟು, ಅವರ ಪಕ್ಕದಲ್ಲಿ ವಿದ್ಯಾರ್ಥಿಗಳನ್ನು ಕೂರಿಸಬಹುದು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯಕ್ಕೆ ಈ ಕೆಲಸ ತೀರ ಸಹಜವಾದದ್ದು. ಅದೇ ಊರಿನಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ್ ರಾಕ್ ಗಾರ್ಡನ್ ಇದೆ. ಒಕ್ಕಲು, ಸಂತೆ, ಕುಸ್ತಿ, ದನಕರುಗಳ ನಡುವಿನ ಹಳ್ಳಿಯ ಬಾಳನ್ನು ಆಳೆತ್ತರದ ಶಿಲ್ಪಗಳಲ್ಲಿ ತುಂಬಿಟ್ಟಿರುವ ಜಾಗ ಅದು. ಇಂಥ ನೆರೆಹೊರೆ ಬೇರೆ ವಿಶ್ವವಿದ್ಯಾಲಯಗಳಿಗೆ ಹುಡುಕಿದರೂ ಸಿಗದು.

ಇನ್ನು ಕಾಪಾಡುವ ಮಾತು. ಜಲವರ್ಣ, ಬಣ್ಣ ಹಚ್ಚಿದ ಬಟ್ಟೆ, ತೊಗಲು ಇವು ಬೆಳಕಿಗೆ ಬಹಳ ಬೇಗ ಸೋಲುತ್ತವೆ. ವಸ್ತುಸಂಗ್ರಹಾಲಯಗಳಲ್ಲಿ ಇವುಗಳಿಗೆ 50 ಲಕ್ಸ್ ದಾಟದ ಮಂದ ಬೆಳಕನ್ನು ಮಾತ್ರ ಒಪ್ಪುತ್ತಾರೆ. ಕಿಟಕಿಯ ಬಿಸಿಲು ಬೀಳುವ ಕುಲಪತಿಗಳ ಕೊಠಡಿಯಲ್ಲೋ ಟ್ಯೂಬ್‌ಲೈಟಿನ ಕೆಳಗೋ ವರ್ಷಗಟ್ಟಲೆ ತೂಗಿದ ಜಲವರ್ಣದಲ್ಲಿ ಮೊದಲು ಹೋಗುವುದು ತೆಳು ಕೆಂಪು, ಆಮೇಲೆ ಹಳದಿ. ಆ ಬಣ್ಣ ಮತ್ತೆ ಬರುವುದಿಲ್ಲ. ಮಳೆಗಾಲದ ತೇವಕ್ಕೆ ಕಾಗದ ಬೂಸ್ಟು ಹಿಡಿಯುತ್ತದೆ, ಬೇಸಿಗೆಯ ಒಣಹವೆಗೆ ತೊಗಲು ಸುರುಳಿ ಸುತ್ತಿ ಬಿರುಕು ಬಿಡುತ್ತದೆ. ಚಿತ್ರದ ಬೆನ್ನಿಗೆ ಹಾಕಿದ ಅಗ್ಗದ ರಟ್ಟಿನ ಆಮ್ಲ ಕಾಗದವನ್ನು ಕಂದುಗಟ್ಟಿಸುತ್ತದೆ, ಗೆದ್ದಲು ಗೋಡೆಯ ಕಡೆಯಿಂದ ಬರುತ್ತದೆ. ಇದಕ್ಕೆ ಬೇಕಾದ ತಿಳಿವಳಿಕೆ ದೂರದಲ್ಲೇನೂ ಇಲ್ಲ. ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಘಟಕ ಮೈಸೂರಿನಲ್ಲೇ ಇದೆ. ಆಮ್ಲರಹಿತ ರಟ್ಟು, ಕಿಟಕಿಗೆ ಪರದೆ, ಗೋಡೆಗೂ ಚೌಕಟ್ಟಿಗೂ ನಡುವೆ ಬೆರಳಗಲ ಗಾಳಿ, ಆರು ತಿಂಗಳಿಗೊಮ್ಮೆ ಚೌಕಟ್ಟು ಇಳಿಸಿ ಹಿಂಬದಿ ನೋಡುವ ಶಿಸ್ತು: ಇಷ್ಟಕ್ಕೆ ತಗಲುವ ಹಣ ಒಂದು ಘಟಿಕೋತ್ಸವದ ಶಾಮಿಯಾನಕ್ಕೆ ತಗಲುವುದಕ್ಕಿಂತ ಹೆಚ್ಚಿರಲಾರದು.

ಇದನ್ನೆಲ್ಲ ಮಾಡಲು ಒಬ್ಬರು ಬೇಕು. ಸಂಗ್ರಹಾಧ್ಯಕ್ಷರ ಹುದ್ದೆ ಖಾಲಿ ಬಿದ್ದಾಗ ಅದನ್ನು ಅಧ್ಯಾಪಕರೊಬ್ಬರಿಗೆ ಹೆಚ್ಚುವರಿ ಹೊಣೆಯಾಗಿ ಕೊಡುವುದು ರೂಢಿ. ಪಾಠ, ಮೌಲ್ಯಮಾಪನ, ನ್ಯಾಕ್ ಕಡತಗಳ ನಡುವೆ ಅವರಿಗೆ ಬೀಗದ ಕೈ ಇಟ್ಟುಕೊಳ್ಳಲು ಮಾತ್ರ ಸಾಧ್ಯವಾಗುತ್ತದೆ. ಸಂಗ್ರಹದ ದಾಖಲೆ ಪುಸ್ತಕದಲ್ಲಿ ವಸ್ತುವಿಗೊಂದು ಕ್ರಮಸಂಖ್ಯೆ, ಆ ಸಂಖ್ಯೆ ವಸ್ತುವಿನ ಮೇಲೂ, ಅದರ ಫೋಟೊ ಬೇರೆ ಕಟ್ಟಡದಲ್ಲಿ ಇನ್ನೊಂದು ಪ್ರತಿಯಾಗಿ, ವರ್ಷಕ್ಕೊಮ್ಮೆ ಪುಸ್ತಕಕ್ಕೂ ಕಪಾಟಿಗೂ ತಾಳೆ. ಗ್ರಂಥಾಲಯದ ಪುಸ್ತಕಕ್ಕೆ ಇದನ್ನೆಲ್ಲ ತಪ್ಪದೆ ಮಾಡುವ ಸಂಸ್ಥೆಗಳು ಇನ್ನೊಂದು ಪ್ರತಿಯೇ ಇಲ್ಲದ ಚಿತ್ರಕ್ಕೆ ಬಿಟ್ಟುಬಿಡುವುದಕ್ಕೆ ಸಮರ್ಥನೆ ಸಿಗದು.

ಕಾನೂನಿನ ಕಡೆಯಿಂದಲೂ ಕೆಲವು ಹೊಣೆಗಳಿವೆ. ಚಿತ್ರವನ್ನು ಕೊಂಡರೆ ಅದರ ಹಕ್ಕುಸ್ವಾಮ್ಯ ಬರುವುದಿಲ್ಲ. ಕಲಾವಿದರು ತೀರಿಕೊಂಡ ಮೇಲೆ 60 ವರ್ಷ ಅದು ವಾರಸುದಾರರದು. ವೆಂಕಟಪ್ಪನವರ ಕೃತಿಗಳಿಗೆ ಆ ಅವಧಿ 2025ರ ಕೊನೆಯವರೆಗೆ. 1996ರಲ್ಲಿ ತೀರಿಕೊಂಡ ಹೆಬ್ಬಾರರ ಕೃತಿಗಳಿಗೆ 2056ರ ಕೊನೆಯವರೆಗೆ. ಕ್ಯಾಲೆಂಡರಿನಲ್ಲೋ ಘಟಿಕೋತ್ಸವದ ಆಹ್ವಾನದಲ್ಲೋ ಚಿತ್ರ ಅಚ್ಚು ಹಾಕುವ ಮೊದಲು ಅನುಮತಿ ಕೇಳುವುದು ಸೌಜನ್ಯಕ್ಕಷ್ಟೇ ಸೇರಿದ್ದಲ್ಲ. ಗೋಡೆಯ ಮೇಲಿನ ಕೃತಿಗಳ ವಿಷಯ ಇನ್ನೂ ಸೂಕ್ಷ್ಮ. ದೆಹಲಿಯ ವಿಜ್ಞಾನ ಭವನದಲ್ಲಿ ಶಿಲ್ಪಿ ಅಮರನಾಥ ಸೆಹಗಲ್ ಮಾಡಿದ್ದ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ನವೀಕರಣದ ನೆಪದಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಲಾಯಿತು. ದೀರ್ಘ ವ್ಯಾಜ್ಯದ ಬಳಿಕ 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ಭಾಗಗಳನ್ನು ಶಿಲ್ಪಿಗೆ ಹಿಂದಿರುಗಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಸರ್ಕಾರಕ್ಕೆ ಆದೇಶಿಸಿತು. ಕಟ್ಟಡ ಯಾರದೇ ಆಗಿರಲಿ, ಕೃತಿಯ ಮಾನಕ್ಕೆ ಕುಂದು ತರುವ ಹಕ್ಕು ಮಾಲೀಕರಿಗಿಲ್ಲ ಎಂಬುದು ಹಕ್ಕುಸ್ವಾಮ್ಯ ಕಾಯ್ದೆಯ 57ನೆಯ ಕಲಮಿನ ಆಶಯ. ಬಣ್ಣ ಬಳಿಯುವ ಟೆಂಡರ್ ಕರೆಯುವಾಗ ಆವರಣದ ಭಿತ್ತಿಚಿತ್ರಗಳ ಪಟ್ಟಿ ಎಂಜಿನಿಯರರ ಮೇಜಿನ ಮೇಲಿರಬೇಕು.

ದಾನದ ವಿಷಯವೂ ಹೀಗೆಯೇ ಸ್ಪಷ್ಟವಾಗಬೇಕು. ತೀರಿಹೋದ ಕಲಾವಿದರ ಮನೆಯವರು ಚಿತ್ರಗಳ ಕಟ್ಟನ್ನು ಎದುರಿಗಿಟ್ಟುಕೊಂಡು ಯಾರಿಗೆ ಕೊಡುವುದೆಂದು ತಿಳಿಯದೆ ಕುಳಿತಿರುತ್ತಾರೆ. ಕೊಟ್ಟರೆ ಎಲ್ಲೋ ಮೂಲೆ ಸೇರುತ್ತದೆಂಬ ಅವರ ಭಯಕ್ಕೆ ಕಾರಣಗಳಿವೆ. ದಾನಪತ್ರದಲ್ಲಿ ಪ್ರತಿ ಕೃತಿಯ ವಿವರ ಮತ್ತು ಫೋಟೊ, ವರ್ಷದಲ್ಲಿ ಎಷ್ಟು ದಿನ ಪ್ರದರ್ಶನ, ಮಾರುವ ಹಾಗಿಲ್ಲವೆಂಬ ಷರತ್ತು, ಸಂಗ್ರಹವನ್ನು ಮುಚ್ಚುವ ಪ್ರಸಂಗ ಬಂದರೆ ಕೃತಿಗಳು ಯಾರಿಗೆ ಸೇರಬೇಕು, ಹಕ್ಕುಸ್ವಾಮ್ಯ ಯಾರಲ್ಲಿ ಉಳಿಯುತ್ತದೆ ಎಂಬುದೆಲ್ಲ ಇರಬೇಕು. ಅದಕ್ಕೆ ಕುಲಸಚಿವರ ಸಹಿಯೂ ಬೇಕು, ಸಿಂಡಿಕೇಟಿನ ಠರಾವೂ ಬೇಕು, ಏಕೆಂದರೆ ಕುಲಪತಿಗಳು ಬದಲಾಗುತ್ತಾರೆ. ಬಾಗಿಲು ತೆರೆಯುವ ವೇಳೆಯನ್ನೂ ಅದೇ ಠರಾವಿನಲ್ಲಿ ಸೇರಿಸಬಹುದು. ಕಚೇರಿಯ ವೇಳೆಗೆ ತೆರೆದು ಭಾನುವಾರ ಮುಚ್ಚುವ ಗ್ಯಾಲರಿಗೆ ಊರಿನವರು ಬರಲಾರರು. ಭಾನುವಾರ ತೆರೆದು ಸೋಮವಾರ ರಜೆ ಕೊಡುವ ಪದ್ಧತಿ ದೇಶದ ಎಷ್ಟೋ ವಸ್ತುಸಂಗ್ರಹಾಲಯಗಳಲ್ಲಿ ಹಿಂದಿನಿಂದಲೂ ಇದೆ, ಅದನ್ನು ವಿಶ್ವವಿದ್ಯಾಲಯಗಳೂ ತರಬಹುದು.